‘ರೋಶೀನ್ ದುವ್’ ಹಾಡಿನ ಆ ಹೆಣ್ಣು ಯಾರು?

ಪ್ರಶ್ನೆ: ನಾನು ಕೆಲವು ವರ್ಷಗಳಿಂದ ಡಬ್ಲಿನ್‌ನಲ್ಲಿದ್ದೇನೆ. ಕಳೆದ ಚಳಿಗಾಲದಲ್ಲಿ ಸ್ನೇಹಿತರೊಬ್ಬರ ಮನೆಯಲ್ಲಿ ಹಿರಿಯರೊಬ್ಬರು ಯಾವ ವಾದ್ಯವೂ ಇಲ್ಲದೆ, ಕಣ್ಣು ಮುಚ್ಚಿಕೊಂಡು, ಐರಿಷ್ ಭಾಷೆಯಲ್ಲಿ ‘ರೋಶೀನ್ ದುವ್’ ಎಂಬ ಹಾಡನ್ನು ಹಾಡಿದರು. ಅದನ್ನು ಕನ್ನಡಕ್ಕೆ ತರಬೇಕೆಂಬ ಆಸೆಯಾಗಿದೆ. ಆದರೆ ಹಾಡಿನಲ್ಲಿ ಬರುವ ಹೆಣ್ಣು ಐರ್ಲೆಂಡ್ ದೇಶವೇ ಎಂದು ಒಬ್ಬ ಸ್ನೇಹಿತರು ಹೇಳಿದರೆ, ಇದು ಪಾದ್ರಿಯೊಬ್ಬನ ಕಳ್ಳಪ್ರೇಮದ ಹಾಡು ಎಂದು ಇನ್ನೊಬ್ಬರು ನಗುತ್ತಾರೆ. ಯಾರ ಮಾತು ಸರಿ? ಇದು ಹದಿನಾರನೆಯ ಶತಮಾನದ ಹಾಡು ಎಂಬುದು ನಿಜವೇ? ಹೆಸರನ್ನು ‘ಕಪ್ಪು ಗುಲಾಬಿ’ ಎಂದು ಅನುವಾದಿಸಬಹುದೇ?

ಉತ್ತರ: ನಿಮ್ಮ ಇಬ್ಬರು ಸ್ನೇಹಿತರೂ, ತಮಗೆ ಗೊತ್ತಿದ್ದೋ ಗೊತ್ತಿಲ್ಲದೆಯೋ, ಸುಮಾರು ಇನ್ನೂರು ವರ್ಷಗಳಷ್ಟು ಹಳೆಯದಾದ ವಾದವೊಂದನ್ನು ಮುಂದುವರಿಸುತ್ತಿದ್ದಾರೆ. ದೇಶದ ಪಕ್ಷ ಅಚ್ಚಿಗೆ ಬಂದದ್ದು 1831ರಲ್ಲಿ, ಪಾದ್ರಿಯ ಪಕ್ಷ ಅಚ್ಚಿಗೆ ಬಂದದ್ದು 1834ರಲ್ಲಿ. ಆ ಮೊದಲು ಈ ಹಾಡು ಯಾರ ವ್ಯಾಖ್ಯಾನಕ್ಕೂ ಕಾಯದೆ ಬಾಯಿಂದ ಬಾಯಿಗೆ ಹರಿದುಕೊಂಡು ಬಂದಿತ್ತು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಹಾಡಿನ ಬುಡ ಪ್ರೇಮಗೀತೆಯದು, ದೇಶವೆಂಬ ಅರ್ಥ ಅದರ ಮೇಲೆ ಕಟ್ಟಿದ ಕಸಿ. ಆದರೆ ಆ ಕಸಿ ಚೆನ್ನಾಗಿಯೇ ಹಿಡಿದಿದೆ, ಹಿಡಿಯುವುದಕ್ಕೆ ಬೇಕಾದ ಹಸಿತನ ಬುಡದಲ್ಲಿಯೇ ಇತ್ತು. ಪಾದ್ರಿಯ ಕತೆಗೆ ಮಾತ್ರ ಹಾಡಿನ ಮಾತುಗಳಲ್ಲಿ ಗಟ್ಟಿಯಾದ ಆಧಾರ ನನಗೆ ಕಾಣುವುದಿಲ್ಲ.

ಈ ಹಾಡಿನ ಬಗ್ಗೆ ವಾದಿಸುವವರಲ್ಲಿ ಬಹುಮಂದಿ ಅದರ ಇಂಗ್ಲಿಷ್ ರೂಪವನ್ನು ಮನಸ್ಸಿನಲ್ಲಿಟ್ಟುಕೊಂಡು ವಾದಿಸುತ್ತಾರಾದ್ದರಿಂದ, ಐರಿಷ್ ಮಾತು ಏನು ಹೇಳುತ್ತದೆ ಎಂಬಲ್ಲಿಂದಲೇ ಹೊರಡುವುದು ಒಳ್ಳೆಯದು. ಹಾಡಿಗೆ ಹಲವು ಪಾಠಗಳಿವೆ, ಹೆಚ್ಚಾಗಿ ಹಾಡುವ ಪಾಠದ ಮೊದಲ ಪದ್ಯದ ಅರ್ಥ ಹೀಗಿದೆ: ‘ರೋಶೀನ್, ನಿನಗೆ ಒದಗಿದ್ದಕ್ಕೆ ನಿನಗೆ ದುಃಖ ಬೇಡ, ಸಂನ್ಯಾಸಿ ಸಹೋದರರು ಕಡಲಾಚೆಯಿಂದ ಬರುತ್ತಿದ್ದಾರೆ, ನೀರಿನ ಮೇಲೆ ಹೊರಟಿದ್ದಾರೆ, ಮೂಡಲಿಂದ, ಪೋಪನಿಂದ, ರೋಮಿನಿಂದ ನಿನ್ನ ಕ್ಷಮೆ ಬರಲಿದೆ, ನನ್ನ ರೋಶೀನ್ ದುವ್‌ಗೆ ಸ್ಪೇನಿನ ದ್ರಾಕ್ಷಾರಸ ಸುರಿಯುವಾಗ ಕೈ ಬಿಗಿ ಹಿಡಿಯಬೇಡಿ.’ ಇಲ್ಲಿ ಒಂದು ಸಣ್ಣ ಸಂಗತಿಯನ್ನು ಗಮನಿಸಿ. ಐರಿಷ್ ಭಾಷೆಯಲ್ಲಿ ಸಹಜವಾಗಿ ‘ನಾನು ದುಃಖಿ’ ಎನ್ನುವುದು ಕಡಿಮೆ. ‘ಬ್ರೋನ್’, ಅಂದರೆ ದುಃಖ, ಒಬ್ಬರ ‘ಮೇಲೆ’ ಇರುತ್ತದೆ. ನಮಗೆ ‘ನನಗೆ ದುಃಖವಾಗಿದೆ’ ಎಂಬ ವಾಕ್ಯ ಎಷ್ಟು ಸಹಜವೋ ಅವರಿಗೆ ಇದು ಅಷ್ಟೇ ಸಹಜ. ‘ನಿನಗೆ ಒದಗಿದ್ದು’ ಎಂಬ ಮಾತಿನ ಹೆಣಿಗೆಯೂ ಹೆಚ್ಚುಕಡಿಮೆ ಕನ್ನಡದ್ದೇ. ಆದ್ದರಿಂದ ಇಂಗ್ಲಿಷಿನ ದಾರಿ ಬಿಟ್ಟು ನೇರವಾಗಿ ಐರಿಷ್‌ನಿಂದ ಕನ್ನಡಕ್ಕೆ ಬಂದರೆ, ಈ ಪದ್ಯ ನಿಮಗೆ ಅಷ್ಟೇನೂ ತೊಂದರೆ ಕೊಡುವುದಿಲ್ಲ.

ಮುಂದಿನ ಪದ್ಯಗಳ ಧಾಟಿ ಬೇರೆ. ನಿನ್ನೆಯಿಂದ ಇಂದಿನವರೆಗೆ ಅವಳೊಡನೆ ದೂರ ನಡೆದೆ, ಬೆಟ್ಟ ದಾಟಿದೆ, ಹಾಯಿ ಬಿಚ್ಚಿ ಕಡಲ ಮೇಲೆ ಹೋದೆ, ಸೆಳವು ದೊಡ್ಡದಾದರೂ ಏರ್ನ್ ಹೊಳೆಯನ್ನು ನೆಗೆದು ದಾಟಿದೆ, ನನ್ನ ಎರಡೂ ಬದಿಗೆ ತಂತಿಯ ನಾದವಿತ್ತು ಎನ್ನುತ್ತಾನೆ ಪ್ರೇಮಿ. ಆಮೇಲೆ ನಿಷ್ಠುರ: ನನ್ನನ್ನು ಕೊಂದುಬಿಟ್ಟೆ, ಅದರಿಂದ ನಿನಗೆ ಒಳಿತಾಗದಿರಲಿ, ಮೈಬಣ್ಣ ಕೆಟ್ಟು ಸೊರಗಿದ್ದೇನೆ, ನಿನ್ನನ್ನು ಒಲಿದವನಿಗೆ ಮೋಸ ಮಾಡಬೇಡ. ಇನ್ನೊಂದು ಪದ್ಯದಲ್ಲಿ, ನಿನ್ನ ಒಲವಿನ ಒಂದು ಪಾಲಾದರೂ ಸಿಕ್ಕೀತೆಂಬ ಆಸೆಯಿಂದ ಇಬ್ಬನಿಯಲ್ಲೂ ಬಂಜರಿನಲ್ಲೂ ನಿನ್ನೊಡನೆ ನಡೆಯುತ್ತೇನೆ ಎಂದು ಹೇಳಿ, ಅವಳನ್ನು ‘ಘಮಘಮಿಸುವ ಎಳೆಯ ಕೊಂಬೆ’ ಎಂದು ಕರೆದು, ಮನ್‌ಸ್ಟರ್ ಪ್ರಾಂತದ ಹೆಣ್ಣುಗಳಲ್ಲೆಲ್ಲ ಆಯ್ದ ಹೂವು ಇವಳೇ ಎನ್ನುತ್ತಾನೆ. ನೇಗಿಲಿಗೆ ಕಟ್ಟುವ ಕುದುರೆಗಳಿದ್ದಿದ್ದರೆ ಗುಡ್ಡಕ್ಕೆ ಎದುರಾಗಿ ಉಳುತ್ತಿದ್ದೆ, ಚರ್ಚಿನ ಬಲಿಪೂಜೆಯ ನಡುವೆ ನನ್ನ ರೋಶೀನಳನ್ನೇ ಬೈಬಲಿನ ಶುಭಸಂದೇಶವಾಗಿ ಓದುತ್ತಿದ್ದೆ, ಕೋಟೆದಿಣ್ಣೆಯ ಹಿಂದೆ ಅವಳೊಡನೆ ಒಂದು ‘ಆಟ’ ಆಡುತ್ತಿದ್ದೆ ಎಂಬ ಪದ್ಯವೂ ಇದೆ. ಕೋಟೆದಿಣ್ಣೆಯೆಂದರೆ ಐರ್ಲೆಂಡಿನ ಹೊಲಗಳ ನಡುವೆ ಇಂದಿಗೂ ಕಾಣುವ, ಯಕ್ಷಿಣಿಯರ ವಾಸವೆಂದು ಜನ ನಂಬುತ್ತಿದ್ದ, ಮಣ್ಣಿನ ದುಂಡು ಏರಿ. ಅಲ್ಲಿ ಆಡುವ ಆಟ ಯಾವುದೆಂದು ಐರಿಷ್ ಬಲ್ಲ ಕೇಳುಗರಿಗೆ ವಿವರಿಸಬೇಕಾಗಿರಲಿಲ್ಲ. ಕೊನೆಯ ಪದ್ಯ ಮಾತ್ರ ಪ್ರಳಯದಂತೆ ಎದ್ದು ನಿಲ್ಲುತ್ತದೆ. ಅದರ ವಿಚಾರಕ್ಕೆ ಆಮೇಲೆ ಬರುತ್ತೇನೆ.

ಈಗ 1831ರ ಪಕ್ಷ. ಗಾಲ್ವೇಯ ಇತಿಹಾಸಕಾರ ಜೇಮ್ಸ್ ಹಾರ್ಡಿಮನ್ ಆ ವರ್ಷ ಐರಿಷ್ ಹಾಡುಗಳ ಎರಡು ಸಂಪುಟಗಳನ್ನು ಪ್ರಕಟಿಸಿದ. ಮೂಲವನ್ನೂ ಇಂಗ್ಲಿಷ್ ಪದ್ಯಾನುವಾದವನ್ನೂ ಎದುರುಬದುರಾಗಿ ಕೊಟ್ಟ ಆ ಸಂಪುಟಗಳು ಇಂದಿಗೂ ಈ ಕ್ಷೇತ್ರದ ದೊಡ್ಡ ಮೈಲಿಗಲ್ಲು. ರೋಶೀನ್ ದುವ್ ಬಗ್ಗೆ ಅವನು ಬರೆದ ಟಿಪ್ಪಣಿಯ ಸಾರ ಇಷ್ಟು: ಇದು ಪ್ರೇಮಿಯ ಮಾತಿನ ವೇಷದಲ್ಲಿರುವ ರಾಜಕೀಯ ಹಾಡು, ಇಂಗ್ಲೆಂಡಿನ ರಾಣಿ ಎಲಿಜಬೆತ್ ಕಾಲದಲ್ಲಿ, ಡೊನೆಗಾಲ್ ಸೀಮೆಯ ಒಡೆಯ ಹ್ಯೂ ರುವ ಓಡಾನೆಲ್‌ನ ಕೀರ್ತಿಗಾಗಿ ರಚಿತವಾಯಿತು, ರೋಶೀನ್ ದುವ್ ಎಂದರೆ ಐರ್ಲೆಂಡ್. ನಿಮ್ಮ ಮೊದಲ ಸ್ನೇಹಿತರ ಮಾತು, ‘ಹದಿನಾರನೆಯ ಶತಮಾನ’ ಎಂದು ನೀವು ಕೇಳಿದ್ದು, ಎರಡೂ ಈ ಟಿಪ್ಪಣಿಯಿಂದಲೇ ಇಳಿದು ಬಂದವು. ಆದರೆ ಅದೇ ಟಿಪ್ಪಣಿಯಲ್ಲಿ ಹಾರ್ಡಿಮನ್ ಇನ್ನೊಂದು ಮಾತನ್ನೂ ಸೇರಿಸಿದ್ದಾನೆ, ಅದನ್ನು ಯಾರೂ ಎತ್ತಿ ಹೇಳುವುದಿಲ್ಲ: ಈ ಗೂಢಾರ್ಥವನ್ನು ಜನ ಎಂದೋ ಮರೆತಿದ್ದಾರೆ, ಈಗ ಇದನ್ನು ಬರಿಯ ಶೋಕದ ಪ್ರೇಮಗೀತೆಯಾಗಿ ನೆನಪಿಟ್ಟುಕೊಂಡು ಹಾಡುತ್ತಾರೆ ಎಂಬ ಮಾತು. ಅಂದರೆ 1831ರಲ್ಲಿ ಹಾಡುತ್ತಿದ್ದ ಜನರಿಗೆ ಇದು ಹೆಣ್ಣಿನ ಮೇಲಿನ ಹಾಡು. ದೇಶವೆಂಬ ಅರ್ಥ ಸಂಪಾದಕನ ಮೇಜಿನ ಮೇಲಿತ್ತು. ‘ಜನ ಮರೆತರು’ ಎಂಬ ವಿವರಣೆಗಿಂತ ‘ಜನರಿಗೆ ಅದು ಇನ್ನೂ ಬಂದಿರಲಿಲ್ಲ’ ಎಂಬ ವಿವರಣೆ ನನಗೆ ಹೆಚ್ಚು ಸರಳವಾಗಿ ಕಾಣುತ್ತದೆ.

1834ರಲ್ಲಿ ಹಾರ್ಡಿಮನ್‌ನ ಸಂಪುಟಗಳನ್ನು ಡಬ್ಲಿನ್‌ನ ಒಂದು ವಿಶ್ವವಿದ್ಯಾಲಯ ಪತ್ರಿಕೆಯಲ್ಲಿ ಸರಣಿ ಲೇಖನಗಳಲ್ಲಿ ವಿಮರ್ಶಿಸಿದವನು ಬೆಲ್‌ಫಾಸ್ಟಿನ ತರುಣ ಕವಿ ಸ್ಯಾಮ್ಯುಯೆಲ್ ಫರ್ಗುಸನ್. ಅವನು ಈ ಹಾಡಿನ ರಾಜಕೀಯ ಅರ್ಥವನ್ನು ಗೇಲಿ ಮಾಡಿ, ಇದು ಬ್ರಹ್ಮಚರ್ಯದ ವ್ರತಭಂಗ ಮಾಡಿದ, ತನ್ನ ಗೆಳತಿಗಾಗಿ ರೋಮಿನ ವಿನಾಯಿತಿಗೆ ಕಾಯುತ್ತಿರುವ, ಅವಳಿಗೋಸ್ಕರ ನೇಗಿಲು ಹಿಡಿಯಲೂ ಸಿದ್ಧನಾದ, ಕೊನೆಗೆ ಅವಳನ್ನು ಸಾಕಲು ಪೌರೋಹಿತ್ಯಕ್ಕೂ ಸಿದ್ಧನಾದ ಪಾದ್ರಿಯೊಬ್ಬನ ಹಾಡು ಎಂದ. ನಿಮ್ಮ ಎರಡನೆಯ ಸ್ನೇಹಿತರ ನಗೆ ಇಲ್ಲಿಂದಲೇ ಬಂದಿದೆ. ಇಬ್ಬರ ಹಿನ್ನೆಲೆಯನ್ನೂ ಬಲ್ಲವರಿಗೆ ಈ ಜಗಳ ಬರಿಯ ಹಾಡಿನದಲ್ಲ. ಕ್ಯಾಥೊಲಿಕರಿಗೆ ಪಾರ್ಲಿಮೆಂಟಿನ ಬಾಗಿಲು ತೆರೆದದ್ದು 1829ರಲ್ಲಿ. ಹಾರ್ಡಿಮನ್ ಕ್ಯಾಥೊಲಿಕ್, ಹಳೆಯ ಹಾಡುಗಳಲ್ಲಿ ತನ್ನ ಜನರು ಪಟ್ಟ ಪಾಡಿನ ದಾಖಲೆಯನ್ನು ಹುಡುಕುತ್ತಿದ್ದವನು. ಫರ್ಗುಸನ್ ಪ್ರಾಟೆಸ್ಟೆಂಟ್, ಗೇಲಿಕ್, ಅಂದರೆ ಐರಿಷ್ ಭಾಷೆಯ, ಸಾಹಿತ್ಯದ ಮೇಲೆ ನಿಜವಾದ ಪ್ರೀತಿಯಿದ್ದವನು, ಆದರೆ ಆ ಪ್ರೀತಿಯ ಜತೆಗೆ ದಂಗೆಯ ಮಾತು ಬರಬಾರದೆಂದು ಬಯಸಿದವನು. ಒಬ್ಬನಿಗೆ ದೇಶ ಬೇಕಿತ್ತು, ಇನ್ನೊಬ್ಬನಿಗೆ ದೇಶ ಬೇಡವಾಗಿತ್ತು.

ಫರ್ಗುಸನ್ ಹಾಡನ್ನು ಅಕ್ಷರಶಃ ಓದಿದ್ದು ಉಪಕಾರವೇ ಆಯಿತು, ಆದರೆ ಅವನ ಪಾದ್ರಿ ನಿಲ್ಲುವುದಿಲ್ಲ. ಮೂಲದಲ್ಲಿ ಬರುವುದು ‘ನಿನ್ನ ಕ್ಷಮೆ’. ರೋಮಿನಿಂದ ಬರಬೇಕಾದದ್ದು ಅವಳಿಗೆ, ಹಾಡುವವನಿಗಲ್ಲ. ವ್ರತಭಂಗ ಅವನದಾಗಿದ್ದರೆ ಕ್ಷಮೆಯೂ ಮೊದಲು ಅವನ ಪಾಲಿಗೆ ಬರಬೇಕಿತ್ತು. ಹೆಣ್ಣೊಬ್ಬಳಿಗೆ ರೋಮಿನ ಅನುಮತಿ ಬೇಕಾಗುವ ಸಂದರ್ಭಗಳು ಬೇರೆ ಬೇಕಾದಷ್ಟಿದ್ದವು. ಕ್ಯಾಥೊಲಿಕ್ ಚರ್ಚಿನ 1215ರ ಲ್ಯಾಟರನ್ ಸಭೆಯ ನಿಯಮದಂತೆ ನಾಲ್ಕನೆಯ ತಲೆಯವರೆಗಿನ ರಕ್ತಸಂಬಂಧಿಗಳು ಮದುವೆಯಾಗುವಂತಿರಲಿಲ್ಲ. ಒಂದೇ ಸೀಮೆಯ ಕೆಲವೇ ಮನೆತನಗಳ ನಡುವೆ ಹೆಣ್ಣು ತಂದು ಹೆಣ್ಣು ಕೊಡುತ್ತಿದ್ದ ಗೇಲಿಕ್ ಐರ್ಲೆಂಡಿನಲ್ಲಿ ಇಂಥ ವಿನಾಯಿತಿಗಾಗಿ ರೋಮಿಗೆ ಮೊರೆ ಹೋಗುವುದು ದಿನನಿತ್ಯದ ಸಂಗತಿಯಾಗಿತ್ತು. ಪೂಜೆಯ ನಡುವೆ ಅವಳನ್ನೇ ಶುಭಸಂದೇಶವಾಗಿ ಓದುತ್ತೇನೆ ಎಂಬ ಮಾತನ್ನು ಪಾದ್ರಿಯೇ ಆಡಬೇಕಾಗಿಲ್ಲ. ಅದು ಆಗದ ಕೆಲಸಗಳ ಪಟ್ಟಿಯಲ್ಲಿದೆ, ಗುಡ್ಡಕ್ಕೆ ಎದುರಾಗಿ ಉಳುವುದರ ಪಕ್ಕದಲ್ಲಿ. ಒಲವಿನ ಭರದಲ್ಲಿ ದೇವರ ಜಾಗಕ್ಕೇ ಕೈಹಾಕುವುದು ಐರಿಷ್ ಪ್ರೇಮಗೀತೆಗಳ ಹಳೆಯ ಚಾಳಿ. ‘ದೋನಲ್ ಓಗ್’ ಎಂಬ ಇನ್ನೊಂದು ಪ್ರಸಿದ್ಧ ಹಾಡಿನಲ್ಲಿ, ಕೈಬಿಟ್ಟುಹೋದ ಗಂಡಿಗೆ ಹೆಣ್ಣು ಹೇಳುವ ಕೊನೆಯ ಮಾತು, ನೀನು ನನ್ನಿಂದ ದೇವರನ್ನೇ ಕಸಿದುಕೊಂಡೆಯೆಂದು ನನಗೆ ಭಯ ಎಂಬುದು. ಕವಿಯೂ ವಿದ್ವಾಂಸನೂ ಆದ ಶಾನ್ ಓ ತೂಮ 1960ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಐರಿಷ್ ಜನಪದ ಪ್ರೇಮಗೀತೆಗಳ ಇಂಥ ಅನೇಕ ಚಾಳಿಗಳಿಗೆ ಮಧ್ಯಯುಗದ ಫ್ರೆಂಚ್ ಪ್ರೇಮಕಾವ್ಯದೊಡನೆ ನಂಟಿದೆಯೆಂದು ತೋರಿಸಿದ್ದಾನೆ. ಸೊರಗುವ ಪ್ರೇಮಿ, ಕೊಲ್ಲುವ ಚೆಲುವೆ, ಆಡಿದ ಮಾತಿಗೆ ತಪ್ಪಿದಳೆಂಬ ದೂರು, ಇವೆಲ್ಲ ರೋಶೀನ್ ದುವ್‌ನ ನಡುವಿನ ಪದ್ಯಗಳಲ್ಲಿ ಸಾಲಾಗಿ ಬರುತ್ತವೆ.

ಹಾಗಾದರೆ ಹಾರ್ಡಿಮನ್ ಸುಮ್ಮನೆ ಕಟ್ಟಿ ಹೇಳಿದನೇ? ಹಾಗೂ ಅಲ್ಲ. ಮೊದಲ ಪದ್ಯದ ಮೂರು ಸಂಗತಿಗಳನ್ನು, ಅಂದರೆ ಕಡಲು ದಾಟುವ ಸಂನ್ಯಾಸಿಗಳು, ಪೋಪನ ಕ್ಷಮೆ ಮತ್ತು ಸ್ಪೇನಿನ ದ್ರಾಕ್ಷಾರಸವನ್ನು, ಒಟ್ಟಿಗೆ ಇಟ್ಟು ನೋಡಿದವರಿಗೆ ಒಂದು ನಿರ್ದಿಷ್ಟ ಗಳಿಗೆ ನೆನಪಾಗದೆ ಇರುವುದಿಲ್ಲ. 1594ರಲ್ಲಿ ಮೊದಲಾದ ಒಂಬತ್ತು ವರ್ಷಗಳ ಯುದ್ಧದಲ್ಲಿ ಉತ್ತರದ ಒಡೆಯರಾದ ಹ್ಯೂ ಓನೀಲ್ ಮತ್ತು ಹ್ಯೂ ರುವ ಓಡಾನೆಲ್ ಎಲಿಜಬೆತ್‌ಳ ಸೈನ್ಯದ ವಿರುದ್ಧ ಹೋರಾಡುತ್ತಿದ್ದರು. 1600ರಲ್ಲಿ ಎಂಟನೆಯ ಕ್ಲೆಮೆಂಟ್ ಪೋಪ್ ಓನೀಲ್‌ನ ಪರವಾಗಿ ಹೋರಾಡುವವರಿಗೆ ಪಾಪದಂಡದಿಂದ ಬಿಡುಗಡೆಯ ಅನುಗ್ರಹವನ್ನು ಘೋಷಿಸಿದ. 1601ರ ಶರತ್ಕಾಲದಲ್ಲಿ ಸ್ಪೇನಿನ ಸೈನ್ಯ ದಕ್ಷಿಣದ ಕಿನ್‌ಸೇಲ್ ಬಂದರಿನಲ್ಲಿ ಬಂದಿಳಿಯಿತು. ಉತ್ತರದ ತುದಿಯಿಂದ ಓಡಾನೆಲ್ ಚಳಿಗಾಲದಲ್ಲಿ ಇಡೀ ದ್ವೀಪವನ್ನು ಅಡ್ಡಹಾಯ್ದು ಅಲ್ಲಿಗೆ ಬಂದ. ಆ ಯುದ್ಧದಲ್ಲಿ ಸೋತು, ನೆರವು ಕೇಳಲು ಸ್ಪೇನಿಗೆ ಹೋಗಿ, 1602ರಲ್ಲಿ ಅಲ್ಲಿಯೇ ಸತ್ತ. ಅವನಿಗೆ ಮೂವತ್ತೂ ತುಂಬಿರಲಿಲ್ಲವೆಂದೇ ಹೇಳಬೇಕು. ಏರ್ನ್ ಹೊಳೆಯೂ ಅವನ ಸೀಮೆಯದೇ. ಆ ಹೊಳೆ ಕಡಲು ಸೇರುವ ಬ್ಯಾಲಿಶಾನನ್ ಕೋಟೆಗೆ 1597ರಲ್ಲಿ ಇಂಗ್ಲಿಷ್ ಸೈನ್ಯ ಮುತ್ತಿಗೆ ಹಾಕಿ, ಸೋತು, ಹೊಳೆಯಲ್ಲಿ ಜನರನ್ನು ಕಳೆದುಕೊಂಡು ಹಿಂದಿರುಗಿತ್ತು. (ಅಲ್ಲಿದ್ದ, ಸಾಲ್ಮನ್ ಮೀನು ಹಾರುತ್ತಿದ್ದ ಜಲಪಾತ ಇಪ್ಪತ್ತನೆಯ ಶತಮಾನದ ಜಲವಿದ್ಯುತ್ ಯೋಜನೆಯಲ್ಲಿ ಮುಳುಗಿಹೋಯಿತು, ಹೋಗಿ ನೋಡಬೇಕೆಂದಿದ್ದರೆ ಅಣೆಕಟ್ಟು ಕಾಣುತ್ತದೆ, ಅಷ್ಟೆ.) ಹಾರ್ಡಿಮನ್ ಕಣ್ಣಿಗೆ ಈ ಚುಕ್ಕೆಗಳು ತಾವಾಗಿಯೇ ಸೇರಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ.

ಆದರೆ ಇದೇ ಮೂರು ಸಂಗತಿಗಳು 1601ಕ್ಕೆ ಮಾತ್ರ ಸೇರಿದವಲ್ಲ. ಐರಿಷ್ ಪಾದ್ರಿಗಳ ಮತ್ತು ಸಂನ್ಯಾಸಿಗಳ ಓದಿಗಾಗಿ ಸ್ಪೇನಿನ ಸಲಮಾಂಕಾದಲ್ಲಿ 1592ರಲ್ಲಿ, ಇಂದಿನ ಬೆಲ್ಜಿಯಂನ ಲೂವೆನ್‌ನಲ್ಲಿ 1607ರಲ್ಲಿ, ರೋಮಿನಲ್ಲಿ 1625ರಲ್ಲಿ ಕಾಲೇಜುಗಳಾದವು. ಅಲ್ಲಿಂದ ಮುಂದೆ ತಲೆತಲಾಂತರ ಅವರು ಕಡಲು ದಾಟಿಕೊಂಡೇ ಊರಿಗೆ ಮರಳಬೇಕಿತ್ತು. 1697ರ ಗಡೀಪಾರು ಕಾಯಿದೆ ಎಲ್ಲ ಸಂನ್ಯಾಸಿಗಳೂ ಬಿಷಪ್ಪರೂ 1698ರ ಮೇ 1ರೊಳಗೆ ದೇಶ ಬಿಡಬೇಕೆಂದು ವಿಧಿಸಿದ ಮೇಲೆ, ‘ಸಂನ್ಯಾಸಿಗಳು ಬರುತ್ತಿದ್ದಾರೆ’ ಎಂಬ ಸಾಲು ಕೇಳುಗರ ಎದೆಯಲ್ಲಿ ಎಬ್ಬಿಸಿರಬಹುದಾದ ಅಲೆ ಇನ್ನೂ ದೊಡ್ಡದು. ಸ್ಪೇನಿನ ದ್ರಾಕ್ಷಾರಸವಂತೂ ಗಾಲ್ವೇ ಬಂದರಿಗೆ ಶತಮಾನಗಳ ಕಾಲ ಪೀಪಾಯಿಗಟ್ಟಲೆ ಬಂದಿಳಿಯುತ್ತಿದ್ದ ಸರಕು. ಉಳ್ಳವರ ಮನೆಯ ಔತಣವನ್ನು ಹೊಗಳುವಾಗ ಕವಿಗಳು ಅದನ್ನು ಹೆಸರಿಸುವುದು ವಾಡಿಕೆ. ಆದ್ದರಿಂದ ಮೊದಲ ಪದ್ಯ ರಾಜಕೀಯಕ್ಕೆ ಬಾಗಿಲು ತೆರೆಯುತ್ತದೆ ಎನ್ನಬಹುದು, ಆದರೆ ಅದು ಹಾಡಿಗೆ ತೇದಿ ಹಾಕುವುದಿಲ್ಲ.

ತೇದಿಯ ವಿಷಯದಲ್ಲಿ ಹಾರ್ಡಿಮನ್‌ಗೆ ಎದುರಾಗಿ ನಿಲ್ಲುವ ಎರಡು ಸಂಗತಿಗಳಿವೆ. ಮೊದಲನೆಯದು ಛಂದಸ್ಸು. ಓಡಾನೆಲ್ ಆಸ್ಥಾನದ ಕವಿಗಳು ವಂಶಪಾರಂಪರ್ಯವಾಗಿ ವರ್ಷಗಟ್ಟಲೆ ಕಲಿತು, ಪ್ರತಿ ಸಾಲಿನ ಅಕ್ಷರಗಳನ್ನು ಎಣಿಸಿ, ಕಟ್ಟುನಿಟ್ಟಾದ ಹಳೆಯ ಗ್ರಾಂಥಿಕ ಭಾಷೆಯಲ್ಲಿ ಬರೆಯುತ್ತಿದ್ದವರು. ರೋಶೀನ್ ದುವ್ ಇರುವುದು ‘ಅವ್‌ರಾನ್’ ಎಂಬ ಬಗೆಯಲ್ಲಿ; ಅಲ್ಲಿ ಎಣಿಕೆ ಅಕ್ಷರದ್ದಲ್ಲ, ಒತ್ತಿನದು, ಪ್ರಾಸವೂ ವ್ಯಂಜನದ್ದಲ್ಲ, ಸ್ವರದ್ದು; ಭಾಷೆ ಆಡುಮಾತಿಗೆ ಹತ್ತಿರ. ಆ ಬಗೆ 1600ರಲ್ಲಿ ಇರಲೇ ಇಲ್ಲವೆಂದಲ್ಲ, ಆದರೆ ಅದು ಮೇಲೆದ್ದದ್ದು ಗೇಲಿಕ್ ಒಡೆಯರ ಪತನದೊಡನೆ ಅವರ ಕವಿಗಳ ಗುರುಕುಲಗಳೂ ಮುಚ್ಚಿದ ಮೇಲೆ. ಎರಡನೆಯದು ಮನ್‌ಸ್ಟರ್. ಡೊನೆಗಾಲ್ ಒಡೆಯನ ಕವಿ ಇಡೀ ಐರ್ಲೆಂಡನ್ನು ಹೆಣ್ಣಾಗಿ ಕಲ್ಪಿಸಿ ಬರೆಯಲು ಕುಳಿತಿದ್ದರೆ, ದೇಶದ ಇನ್ನೊಂದು ತುದಿಯ ಒಂದು ಪ್ರಾಂತವನ್ನು ಎತ್ತಿ ‘ಮನ್‌ಸ್ಟರಿನ ಆಯ್ದ ಹೂವು’ ಎಂದು ಅವಳನ್ನು ಏಕೆ ಕುಗ್ಗಿಸುತ್ತಾನೆ? ಈ ಸಾಲು ಮನ್‌ಸ್ಟರಿನ ಯಾರದೋ ಬಾಯಲ್ಲಿ, ಯಾವಳೋ ಹೆಣ್ಣಿನ ಮೇಲೆ ಹುಟ್ಟಿದೆ. ಏರ್ನ್ ಉತ್ತರದ್ದು, ಹೂವು ದಕ್ಷಿಣದ್ದು. ಹಾಡು ಊರೂರು ತಿರುಗಿ, ಹೋದಲ್ಲೆಲ್ಲ ಒಂದೊಂದು ಪದ್ಯ ಪಡೆದುಕೊಂಡು ಬಂದಿದೆ.

ಹಾಗೆ ಪದ್ಯಗಳು ಸೇರಿಕೊಳ್ಳುವುದು ಹೇಗೆಂಬುದನ್ನು ನಿಮ್ಮ ಕಿವಿಯೇ ನಿಮಗೆ ತೋರಿಸಬಲ್ಲದು. ಮುಂದಿನ ಸಲ ಕೇಳುವಾಗ ಸಾಲುಗಳ ತುದಿಯನ್ನು ಮಾತ್ರ ಗಮನಿಸಿ. ಪ್ರತಿ ಪದ್ಯವೂ ‘ದುವ್’ ಎಂಬ ಪದದಲ್ಲಿ ನಿಲ್ಲುತ್ತದೆ. ಅದಕ್ಕೆ ಮುಂಚಿನ ಸಾಲುಗಳೂ ಕಡಲು, ಹೊಳೆಯ ಸೆಳವು, ಇಂದು, ರಕ್ತ, ನಡುಕ ಎಂಬ ಅರ್ಥದ, ಮೊಟಕು ಸ್ವರದ ಪುಟ್ಟ ಪದಗಳಲ್ಲಿ ಮುಗಿಯುತ್ತವೆ. ಇಡೀ ಹಾಡು ಒಂದೇ ಗೂಟಕ್ಕೆ ಕಟ್ಟಿದ ಹಗ್ಗದ ಹಾಗೆ ಆ ಒಂದು ಪದದ ಸುತ್ತ ತಿರುಗುತ್ತದೆ. ಬೇರೆ ಪ್ರೇಮಗೀತೆಯ ಒಂದು ಪದ್ಯಕ್ಕೆ ಈ ಧಾಟಿಯ ತುದಿಗಳಿದ್ದು, ಕೊನೆಗೆ ‘ನನ್ನ ರೋಶೀನ್ ದುವ್’ ಎಂದು ಕೂಡಿಸಲು ಸಾಧ್ಯವಾದರೆ ಸಾಕು, ಅದು ಇಲ್ಲಿಗೆ ಸೇರಿಕೊಳ್ಳುತ್ತದೆ. ಆದ್ದರಿಂದ ‘ಈ ಹಾಡಿನ ಅರ್ಥವೇನು’ ಎಂದು ಒಟ್ಟಾಗಿ ಕೇಳುವುದಕ್ಕಿಂತ ‘ಈ ಪದ್ಯದ ಅರ್ಥವೇನು’ ಎಂದು ಬಿಡಿಯಾಗಿ ಕೇಳುವುದು ಹೆಚ್ಚು ಫಲ ಕೊಡುತ್ತದೆ. ಕೋಟೆದಿಣ್ಣೆಯ ಪದ್ಯವನ್ನು ದೇಶಕ್ಕೆ ಹೊಂದಿಸಲು ಹೊರಟವರು ಪಡುವ ಕಷ್ಟವನ್ನು ನೋಡಿದರೆ ಇದು ಮನದಟ್ಟಾಗುತ್ತದೆ.

ಇಷ್ಟಾದರೂ ದೇಶವೆಂಬ ಅರ್ಥ ಐರಿಷ್ ಕೇಳುಗರಿಗೆ ಹೊರಗಿನದಾಗಿ ತೋರಲಿಲ್ಲ, ಇದಕ್ಕೆ ಕಾರಣ ಬಹಳ ಹಿಂದಿನದು. ಐರ್ಲೆಂಡಿನ ಪುರಾಣದಲ್ಲಿ ನೆಲ ಹೆಣ್ಣು. ಏರಿಯು, ಬಾನ್ಬಾ, ಫೋದ್ಲಾ ಎಂಬ ಮೂವರು ದೇವಿಯರ ಹೆಸರುಗಳೇ ದೇಶದ ಹೆಸರುಗಳು. ಅರಸನಾಗುವುದೆಂದರೆ ಆ ನೆಲವನ್ನು ಮದುವೆಯಾಗುವುದು. ಬಾವಿಯ ಬಳಿ ಕುರೂಪಿ ಮುದುಕಿಯೊಬ್ಬಳು ಎದುರಾಗಿ, ತನಗೆ ಮುತ್ತಿಟ್ಟ ನೀಲ್ ಎಂಬ ರಾಜಕುಮಾರನ ಮುಂದೆ ಚೆಲುವೆಯಾಗಿ ಮಾರ್ಪಟ್ಟು, ‘ನಾನೇ ರಾಜ್ಯಾಧಿಕಾರ’ ಎಂದು ಹೇಳುವ ಕತೆ ಅಲ್ಲಿ ಎಲ್ಲರಿಗೂ ಗೊತ್ತು. ನಮ್ಮಲ್ಲಿ ನಾಡು ತಾಯಿಯಾದದ್ದೇ ಹೆಚ್ಚು ಪರಿಚಿತವಾದರೂ, ಬಾದಾಮಿ ಚಾಲುಕ್ಯರು ತಮ್ಮ ಶಾಸನಗಳಲ್ಲಿ ಧರಿಸುವ ‘ಶ್ರೀಪೃಥ್ವೀವಲ್ಲಭ’ ಎಂಬ ಬಿರುದನ್ನು ನೆನೆದರೆ ಐರಿಷ್ ಕಲ್ಪನೆ ನಮಗೂ ತೀರ ದೂರದ್ದಲ್ಲ. ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳಲ್ಲಿ, ಒಡೆಯರೆಲ್ಲ ಸತ್ತು ಅಥವಾ ಪರದೇಶದ ಪಾಲಾಗಿ ನೆಲ ವಿಧವೆಯಾದ ಮೇಲೆ, ಈಗನ್ ಓ ರಾಹಿಲಿಯಂಥ ಮನ್‌ಸ್ಟರ್ ಕವಿಗಳು ಈ ಹೆಣ್ಣನ್ನು ಮತ್ತೆ ತಂದರು. ಅವರ ಕವನಗಳಿಗೆ ‘ಆಶ್ಲಿಂಗ್’, ಅಂದರೆ ಕನಸು ಅಥವಾ ದರ್ಶನ, ಎಂದು ಹೆಸರು: ಕವಿ ಒಂಟಿಯಾಗಿ ಅಲೆಯುತ್ತಿರುವಾಗ ದಿವ್ಯ ಸುಂದರಿಯೊಬ್ಬಳು ಕಾಣುತ್ತಾಳೆ, 'ನೀನು ಯಾರು' ಎಂದು ಅವನು ಕೇಳುತ್ತಾನೆ, ತಾನು ಐರ್ಲೆಂಡ್ ಎಂದೂ ಕಡಲಾಚೆಯ ರಾಜಕುಮಾರನಿಗಾಗಿ ಕಾಯುತ್ತಿದ್ದೇನೆಂದೂ ಅವಳು ಹೇಳುತ್ತಾಳೆ. ಇಂಥ ಕವನಗಳನ್ನು ಕೇಳಿ ಪಳಗಿದ ಕಿವಿಗೆ, ದುಃಖದಲ್ಲಿರುವ ಹೆಣ್ಣು, ಕಡಲಾಚೆಯಿಂದ ಬರುವ ನೆರವು ಎಂದಕೂಡಲೇ ಅರ್ಥ ತಾನಾಗಿ ಹೊಳೆಯುತ್ತದೆ. ಆದರೆ ರೋಶೀನ್ ದುವ್ ಆಶ್ಲಿಂಗ್ ಅಲ್ಲ. ಇಲ್ಲಿ ದರ್ಶನವಿಲ್ಲ, ‘ನೀನು ಯಾರು’ ಎಂಬ ಪ್ರಶ್ನೆಯಿಲ್ಲ, ತಾನು ದೇಶವೆಂದು ಅವಳು ಎಲ್ಲೂ ಹೇಳುವುದಿಲ್ಲ. ಅವಳು ಬಾಯಿಯನ್ನೇ ತೆರೆಯುವುದಿಲ್ಲ.

ಕೊನೆಯ ಪದ್ಯದಲ್ಲಿ ಎರಡು ಅರ್ಥಗಳೂ ಕೂಡುತ್ತವೆ. ಏರ್ನ್ ಹೊಳೆ ಉಕ್ಕಿ ಹರಿಯುತ್ತದೆ, ಗುಡ್ಡಗಳು ಸೀಳುತ್ತವೆ, ಕಡಲು ಕೆಂಪು ಅಲೆಗಳಾಗುತ್ತದೆ, ರಕ್ತ ಚೆಲ್ಲುತ್ತದೆ, ಐರ್ಲೆಂಡಿನ ಉದ್ದಗಲಕ್ಕೂ ಬೆಟ್ಟದ ಕಣಿವೆಗಳೂ ಜೌಗುನೆಲಗಳೂ ನಡುಗುತ್ತವೆ, ‘ನನ್ನ ರೋಶೀನ್ ದುವ್ ಸಾಯುವುದಕ್ಕೆ ಮುಂಚೆ ಒಂದು ದಿನ’. ಪ್ರೇಮಿಯ ಬಾಯಲ್ಲಿ ಇದು ಆಣೆ: ಇಷ್ಟೆಲ್ಲ ಆಗದೆ ಅವಳಿಗೆ ಸಾವಿಲ್ಲ. ಸೋತ ಜನರ ಬಾಯಲ್ಲಿ ಇದು ಭವಿಷ್ಯವಾಣಿ: ಇಷ್ಟೆಲ್ಲ ಆಗಿಯೇ ತೀರುತ್ತದೆ. ವ್ಯಾಕರಣ ಎರಡಕ್ಕೂ ಎಡೆಕೊಡುತ್ತದೆ. ಇಡೀ ಹಾಡಿನಲ್ಲಿ ‘ಐರ್ಲೆಂಡ್’ ಎಂಬ ಹೆಸರು ಬರುವುದು ಈ ಪದ್ಯದಲ್ಲಿ, ಅದೂ ಹೆಣ್ಣಿನ ಹೆಸರಾಗಿ ಅಲ್ಲ, ಅವಳಿಗೋಸ್ಕರ ನಡುಗುವ ನೆಲದ ಹೆಸರಾಗಿ. ಅವಳೇ ಐರ್ಲೆಂಡ್ ಆಗಿದ್ದರೆ ಐರ್ಲೆಂಡಿಗಾಗಿ ಐರ್ಲೆಂಡ್ ನಡುಗಿದಂತಾಗುತ್ತದೆ. ಇದನ್ನು ತರ್ಕದ ಕೊಂಕು ಎನ್ನುವವರಿದ್ದಾರೆ. ಆದರೂ ನನ್ನ ಮಟ್ಟಿಗೆ ತಕ್ಕಡಿಯನ್ನು ಪ್ರೇಮಗೀತೆಯ ಕಡೆಗೆ ತೂಗಿಸಿದ್ದು ಈ ಸಾಲೇ.

ದೇಶದ ಅರ್ಥವನ್ನು ಕೊನೆಗೂ ಭದ್ರಪಡಿಸಿದವನು ಹಾರ್ಡಿಮನ್ ಅಲ್ಲ, ಕವಿ ಜೇಮ್ಸ್ ಕ್ಲಾರೆನ್ಸ್ ಮ್ಯಾಂಗನ್. 1846ರ ಮೇ 30ರಂದು, ಆಲೂಗಡ್ಡೆ ಬೆಳೆ ಕೊಳೆತು ಮಹಾಕ್ಷಾಮ ಕಾಲಿಟ್ಟಿದ್ದ ದಿನಗಳಲ್ಲಿ, ಅವನ ಇಂಗ್ಲಿಷ್ ರೂಪ ‘ನೇಷನ್’ ಎಂಬ ರಾಷ್ಟ್ರೀಯವಾದಿ ವಾರಪತ್ರಿಕೆಯಲ್ಲಿ ಬಂತು. ಐರಿಷ್ ಬಲ್ಲ ವಿದ್ವಾಂಸರು ಮಾಡಿಕೊಟ್ಟ ಗದ್ಯಾನುವಾದಗಳ ಮೇಲೆ ನಿಂತು ಕವನ ಕಟ್ಟುತ್ತಿದ್ದವನು ಅವನು. ಇಲ್ಲಿ ಅವನು ಮಾಡಿದ್ದನ್ನು ಅನುವಾದ ಎನ್ನುವುದು ಕಷ್ಟ. ಕೋಟೆದಿಣ್ಣೆಯ ಆಟ ಮಾಯವಾಯಿತು, ನಿಷ್ಠುರ ಮಾಯವಾಯಿತು, ಮೋಸ ಮಾಡಬಲ್ಲ ಹೆಣ್ಣಿನ ಜಾಗದಲ್ಲಿ ಪೂಜಿಸಬೇಕಾದ ಕನ್ಯೆ ಬಂದಳು, ಏರ್ನ್ ಹೊಳೆಯಲ್ಲಿ ನೀರಿಗೆ ಬದಲು ರಕ್ತ ತುಂಬಿ ಹರಿಯಿತು. ಕವನವಾಗಿ ಅದು ಅದ್ಭುತವಾಗಿದೆ, ಅದರಲ್ಲಿ ಎರಡು ಮಾತಿಲ್ಲ. ಮ್ಯಾಂಗನ್ 1849ರಲ್ಲಿ, ಕಾಲರಾ ತಗುಲಿ ಸತ್ತ. ಅವನ ಕವನ ಮಾತ್ರ ಐರಿಷ್ ಬಾರದ ಐರಿಷರ ಶಾಲೆಯ ಪುಸ್ತಕಗಳಲ್ಲಿ ನೆಲೆಸಿತು. 1959ರಲ್ಲಿ ಸಂಗೀತ ಸಂಯೋಜಕ ಶಾನ್ ಓ ರೀಯದ ಐರ್ಲೆಂಡಿನ ಸ್ವಾತಂತ್ರ್ಯ ಹೋರಾಟದ ಬಗೆಗಿನ ಸಾಕ್ಷ್ಯಚಿತ್ರವೊಂದಕ್ಕೆ ಈ ಧಾಟಿಯನ್ನು ತುಂಬು ಆರ್ಕೆಸ್ಟ್ರಾಕ್ಕೆ ಹೊಂದಿಸಿದಾಗ ಪದಗಳೂ ಬೇಕಾಗದೆ ಹೋದವು. ಆ ತಲೆಮಾರಿಗೆ ಧಾಟಿ ಕೇಳಿದೊಡನೆ ದೇಶ ಕಣ್ಣ ಮುಂದೆ ಬರುತ್ತಿತ್ತು. ನಿಮ್ಮ ಮೊದಲ ಸ್ನೇಹಿತರು ಹೇಳುವುದು ಸುಳ್ಳಲ್ಲ ಎಂದು ನಾನು ಒಪ್ಪುವುದು ಈ ಅರ್ಥದಲ್ಲಿ. ಹಾಡು ಹುಟ್ಟಿದಾಗ ಅವಳು ದೇಶವಾಗಿರಲಿಲ್ಲ, ಆದರೆ ನೂರೆಂಬತ್ತು ವರ್ಷಗಳಿಂದ ಆಗಿದ್ದಾಳೆ.

ನೀವು ಕೇಳಿದ, ವಾದ್ಯವಿಲ್ಲದ ಹಾಡಿಕೆಗೆ ‘ಶಾನ್ ನೋಸ್’ ಎನ್ನುತ್ತಾರೆ. ‘ಹಳೆಯ ಪದ್ಧತಿ’ ಎಂದಷ್ಟೇ ಅದರ ಅರ್ಥ. ಆ ಪದ್ಧತಿಯವರು ಹಾಡನ್ನು ಹಾಡಲು ಕೇಳುವಾಗ ಬಳಸುವ ಕ್ರಿಯಾಪದ ‘ಹೇಳು’ ಎಂಬುದು. ನಮ್ಮ ಹಳ್ಳಿಗಳಲ್ಲಿ ‘ಒಂದು ಪದ ಹೇಳಿ’ ಎನ್ನುವ ಹಾಗೆ. ಹಾಡಿನ ಹಿಂದಿನ ಕತೆಗೆ ಅವರು ‘ಊದರ್’ ಎನ್ನುತ್ತಾರೆ. ಕರ್ತೃ, ಆಧಾರ, ಕಾರಣ ಎಂಬ ಅರ್ಥಗಳೆಲ್ಲ ಆ ಒಂದು ಪದದಲ್ಲಿವೆ. ಊದರ್ ಗೊತ್ತಿಲ್ಲದವನು ಹಾಡನ್ನು ಪೂರ್ತಿ ಕಲಿತಂತಲ್ಲ ಎಂಬುದು ಹಿರಿಯರ ನಂಬಿಕೆ. ಒಂದೇ ಹಾಡಿಗೆ ಊರಿಗೊಂದು ಊದರ್ ಇರುವುದುಂಟು, ಅದು ಯಾರಿಗೂ ತೊಡಕಾಗಿ ಕಾಣುವುದಿಲ್ಲ.

ಇನ್ನು ಹೆಸರು. ‘ರೋಶೀನ್’ ಎಂಬುದು ಗುಲಾಬಿ ಎಂಬ ಪದಕ್ಕೆ ಮುದ್ದಿನ, ಕಿರಿತನದ ಪ್ರತ್ಯಯ ಸೇರಿ ಆದದ್ದು. ಅದೇ ಹೊತ್ತಿಗೆ ಅದು ಹೆಣ್ಣುಮಕ್ಕಳಿಗೆ ಇಂದಿಗೂ ಇಡುವ ಹೆಸರು. ‘ದುವ್’ ಎಂದರೆ ಕಪ್ಪು ನಿಜ, ಆದರೆ ಐರಿಷ್‌ನಲ್ಲಿ ಮನುಷ್ಯರ ಹೆಸರಿನ ಮುಂದೆ ಬರುವ ಬಣ್ಣ ಸಾಮಾನ್ಯವಾಗಿ ಕೂದಲಿನದು. ಹ್ಯೂ ರುವ ಎಂದರೆ ಕೆಂಗೂದಲ ಹ್ಯೂ. ‘ಕಣಿವೆಯ ಕರಿಹೆಣ್ಣು’ ಎಂಬರ್ಥದ ಇನ್ನೊಂದು ಹಳೆಯ ಪ್ರೇಮಗೀತೆಯ ನಾಯಕಿಯೂ ಕರಿಗೂದಲಿನವಳೇ. ಕಪ್ಪು ಮೈಬಣ್ಣದವರನ್ನು ಆ ಭಾಷೆಯಲ್ಲಿ ಸಾಮಾನ್ಯವಾಗಿ ‘ದುವ್’ ಎನ್ನುವುದಿಲ್ಲ, ನೀಲಿ ಎಂಬರ್ಥದ ಪದವನ್ನು ಬಳಸುತ್ತಾರೆ. ‘ಕರಿಯ’ ಎಂಬ ಹೆಸರನ್ನು ಸೈತಾನ ಮೊದಲೇ ಹಿಡಿದುಬಿಟ್ಟಿದ್ದ. ಇದರ ಜತೆಗೆ, ಇದೇ ‘ದುವ್’ನ ಹಾಗೆ ಕೇಳಿಸುವ ಇನ್ನೊಂದು ಗುಣವಾಚಕಕ್ಕೆ ‘ಮಂಕಾದ, ವಿಷಣ್ಣ’ ಎಂಬ ಅರ್ಥವಿರುವುದರಿಂದ ಹೆಸರಿನ ಮೇಲೆ ದುಃಖದ ನೆರಳೂ ಬೀಳುತ್ತದೆ. ‘ಕಪ್ಪು ಗುಲಾಬಿ’ ಎಂದು ನೀವು ಬರೆದ ಕ್ಷಣ ಹುಡುಗಿ ಹೋಗಿ ಲಾಂಛನ ಉಳಿಯುತ್ತದೆ. ಅದು ಮ್ಯಾಂಗನ್ ಹಿಡಿದ ದಾರಿ. ಮೊದಲ ಪದ್ಯದಲ್ಲಿ ಒಮ್ಮೆ ‘ಕರಿಮುಡಿಯ ರೋಶೀನ್’ ಎಂದು ಹೇಳಿ, ಪ್ರತಿ ಪದ್ಯದ ಕೊನೆಯಲ್ಲಿ ಮಾತ್ರ ‘ರೋಶೀನ್ ದುವ್’ ಎಂಬುದನ್ನು ಹಾಗೆಯೇ ಐರಿಷ್‌ನಲ್ಲಿ ಬಿಡಿ. ಸಾಧ್ಯವಾದರೆ ಅದರ ಮುಂಚಿನ ಸಾಲುಗಳನ್ನು ಕಡಲು, ಒಡಲು, ನಡು, ಗುಡುಗು ಎಂಬಂಥ ಉಕಾರದ ಪದಗಳ ಕಡೆಗೆ ಬಾಗಿಸಿ. ಕೋಟೆದಿಣ್ಣೆಯ ಪದ್ಯವನ್ನು ಮುಜುಗರಪಟ್ಟು ಬಿಡಬೇಡಿ. ಮತ್ತು ಬರೆಯಲು ಕೂರುವ ಮುನ್ನ ಆ ಹಿರಿಯರಲ್ಲಿಗೆ ಇನ್ನೊಮ್ಮೆ ಹೋಗಿ, ಈ ಹಾಡಿಗೆ ತಮ್ಮ ಊದರ್ ಯಾವುದೆಂದು ಕೇಳಿ. ಅವರು ಏನು ಹೇಳುತ್ತಾರೋ ಅದನ್ನು, ನನ್ನ ಈ ವಾದಕ್ಕೆ ಎದುರಾಗಿದ್ದರೂ, ನಿಮ್ಮ ಕನ್ನಡ ಪಾಠದ ಮೇಲೆ ಮೊದಲ ಸಾಲಾಗಿ ಬರೆದುಕೊಳ್ಳಿ.